ಪಕ್ಕದ ಮನೆಯ ತಾತ ಹುಡುಕಿದ ನೀರಿಲಿ

ಸಿಡ್ನಿಯ ಟೂಂಗಾಬಿಯಲ್ಲಿ ಚಳಿ ಅಂಥದ್ದೇನೂ ಇರುವುದಿಲ್ಲ. ಮೆಲ್ಬರ್ನಿನಿಂದ ತಂದ ದಪ್ಪ ಕೋಟು ಎರಡು ವರ್ಷದಿಂದ ಪೆಟ್ಟಿಗೆಯಲ್ಲೇ ಇತ್ತು. ಯಾರಿಗಾದರೂ ಕೊಟ್ಟುಬಿಡೋಣ ಎಂದು ಮೊನ್ನೆ ತೆಗೆದೆ. ಕೊಡುವ ಮೊದಲು ಜೇಬು ನೋಡಬೇಕಲ್ಲ, ಕೈ ಹಾಕಿದೆ. ಬೆರಳಿಗೆ ಕಪ್ಪು ಪುಡಿ ಅಂಟಿತು. ಜೊತೆಗೆ ಎರಡು ಗಟ್ಟಿ ಚೂರು. ಮೂಗಿನ ಹತ್ತಿರ ಹಿಡಿದೆ. ಸುಟ್ಟ ಕೊಬ್ಬರಿ. ಕಮಟು ಹಿಡಿದಿದ್ದರೂ ಸುಟ್ಟ ವಾಸನೆ ಹೋಗಿರಲಿಲ್ಲ. ಅಲ್ಲೇ ಮಂಚದ ಮೇಲೆ ಕೂತೆ...

ಮೆಲ್ಬರ್ನಿನ ಅಂಚಿನ ಕ್ರೇಗಿಬರ್ನ್‌ನಲ್ಲಿ ನಾವು ಕಳೆದ ಎರಡನೆಯ ಚಳಿಗಾಲ ಅದು. ಆಗಸ್ಟ್ ತಿಂಗಳ ಒಂದು ಬೆಳಗ್ಗೆ ನಾನೂ ಪಕ್ಕದ ಮನೆಯ ತಾತನೂ ಹಳ್ಳದ ದಂಡೆಯ ಮೇಲಿದ್ದೆವು. ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಹಳ್ಳ ಹರಿಯದೆ ನಿಂತ ಕಡೆ ನೀರಿನ ಮೇಲೆ ಗಾಜಿನಂಥ ಮಂಜುಗಡ್ಡೆಯ ಪೊರೆ. ಹಿಂದಿನ ಸಂಜೆ ಇಟ್ಟಿದ್ದ ಆರು ಬೋನುಗಳನ್ನು ಒಂದೊಂದಾಗಿ ನಾನು ಮೇಲಕ್ಕೆ ಹೊತ್ತು ತಂದೆ. ನಾಲ್ಕು ಖಾಲಿ. ಎರಡರಲ್ಲಿ ಕಪ್ಪು ಇಲಿ, ನಮ್ಮೂರಿನ ಅಟ್ಟದ ಮೇಲೆ ಓಡಾಡುವಂಥದ್ದೇ. ತಾತ ಕೋಲಿನ ಮೇಲೆ ಎರಡೂ ಕೈ ಊರಿಕೊಂಡು ನೋಡಿದರು.

"ಸಾಕು, ಲವ್. ಅವು ಇಲ್ಲ. ಬೋನು ತೊಳೆದು ಇಟ್ಟುಬಿಡೋಣ."

ಬೋನುಗಳನ್ನು ಅವರ ಗಾಡಿಗೆ ತುಂಬಿದೆವು. ಫ್ಲಾಸ್ಕಿನಿಂದ ಟೀ ಕುಡಿದೆವು. ಅವರು ತಮ್ಮ ಟೊಮೇಟೊ ಗಿಡಗಳಿಗೆ ಈ ಸಲ ನೀರು ಸಾಕಾಗುತ್ತದೋ ಇಲ್ಲವೋ ಎಂದು ಮಾತಾಡಿದರು. ಬರಗಾಲದ ವರ್ಷಗಳು, ಎಲ್ಲರ ಬಾಯಲ್ಲೂ ಅದೇ ಮಾತು. ನನ್ನ ಜೇಬಿನಲ್ಲಿ ಕೊಬ್ಬರಿ ಚೂರುಗಳಿದ್ದವು. ನಾನು ಹೇಳಬೇಕಾದ ಒಂದು ಮಾತಿತ್ತು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾವಿಬ್ಬರೂ ಹಳ್ಳಕ್ಕೆ ಹೋದದ್ದು ಅದೇ ಕೊನೆ.

ಅವರ ಪರಿಚಯವಾದದ್ದು ಆ ವರ್ಷದ ಮೇ ತಿಂಗಳಲ್ಲಿ. ನನ್ನ ಗಂಡ ಬೆಳಗ್ಗೆ ಏಳಕ್ಕೆ ಆಫೀಸಿಗೆ ಹೊರಟರೆ ಬರುವುದು ಕತ್ತಲಾದ ಮೇಲೆ. ಮಗಳು ಎರಡನೆಯ ಕ್ಲಾಸು. ನನಗೆ ಕೆಲಸ ಸಿಕ್ಕಿರಲಿಲ್ಲ; ನಾನು ಓದಿದ್ದ ಓದಿಗೆ ಅಲ್ಲಿ ಸಿಗುವ ಹಾಗೂ ಇರಲಿಲ್ಲ. ಒಂದು ದಿನ ಕಿಟಕಿಯಿಂದ ನೋಡಿದರೆ ಪಕ್ಕದ ಮನೆಯ ಮುದುಕರು ಗಾಡಿಯಿಂದ ತಂತಿಯ ಬೋನೊಂದನ್ನು ಇಳಿಸಲಾರದೆ ಒದ್ದಾಡುತ್ತಿದ್ದರು. ಎಂಬತ್ತರ ಹತ್ತಿರ ವಯಸ್ಸು, ಮೊಣಕಾಲು ಎರಡೂ ಹೋಗಿದ್ದವು. ಹೋಗಿ ಕೈ ಕೊಟ್ಟೆ. "ಥ್ಯಾಂಕ್ಸ್, ಲವ್" ಅಂದರು. ನನಗೆ ಗಾಬರಿಯಾಯಿತು. ಸಂಜೆ ಗಂಡನಿಗೆ ಹೇಳಿದರೆ ಅವರು ಬಿದ್ದು ಬಿದ್ದು ನಕ್ಕರು.

"ಇಲ್ಲಿ ವಯಸ್ಸಾದೋರು ಎಲ್ರಿಗೂ ಹಂಗೇ ಅಂತಾರೆ ಕಣೇ. ಬಸ್ ಡ್ರೈವರ್ ನಂಗೇ ಅಂತಾನೆ."

ಮಗಳು ಅವರನ್ನು ತಾತ ಅಂದಳು. ಅವರಿಗೆ ಅದು ಇಷ್ಟವಾಯಿತು. ಆಮೇಲೆ ನಾನೂ ಹಾಗೇ ಕರೆದೆ.

ಬೋನು ಯಾಕೆ ಅಂತ ಕೇಳಿದಾಗ ಹೇಳಿದರು. ಈ ದೇಶದ ಹಳ್ಳ ಕೆರೆಗಳಲ್ಲಿ ಒಂದು ನೀರಿಲಿ ಇರುತ್ತದಂತೆ. ಇವರು ಹುಡುಗರಾಗಿದ್ದಾಗ ರಾಜ್ಯದ ಉತ್ತರದ ಕಡೆ ಜೌಗು ನೆಲದಲ್ಲಿ ಅಪ್ಪನ ಜೊತೆ ಕಬ್ಬಿಣದ ಹಲ್ಲಿನ ಬಲೆಯಿಟ್ಟು ಅವನ್ನು ಹಿಡಿದು ಕೊಲ್ಲುತ್ತಿದ್ದರು. ಪಟ್ಟಣದ ಹೆಂಗಸರ ಕೋಟಿಗೆ ಅದರ ಚರ್ಮ ಬೇಕಾಗಿತ್ತು. "ಎಷ್ಟು ಕೊಂದೆ ಅಂತ ನೆನಪಿಲ್ಲ. ಎಷ್ಟು ಅಂತ ನೆನಪಿಲ್ಲದಷ್ಟು ಕೊಂದೆ" ಅಂದರು. ಈಗ ಹಳ್ಳದ ಕಾಳಜಿ ಮಾಡುವ ಊರಿನ ಗುಂಪೊಂದಕ್ಕೆ ಅವನ್ನು ಜೀವಂತ ಹಿಡಿದು, ನೋಡಿ, ಬಿಟ್ಟುಬಿಡಲು ಸರ್ಕಾರದ ಅನುಮತಿ ಸಿಕ್ಕಿತ್ತು. ಆ ಗುಂಪಿನಲ್ಲಿ ಬಲೆಯ ಕೆಲಸ ಗೊತ್ತಿದ್ದವರು ಇವರೊಬ್ಬರೇ. ಮನೆಗಳು ಹಬ್ಬುತ್ತಾ ಹಳ್ಳದ ದಂಡೆಯವರೆಗೆ ಬಂದಿದ್ದವು. ಒಂದಾದರೂ ಉಳಿದಿದೆಯೋ ಇಲ್ಲವೋ, ತಾನು ಹೋಗುವ ಮೊದಲು ತಿಳಿಯಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ನಾನು ಬರುತ್ತೇನೆ ಅಂದುಬಿಟ್ಟೆ. ಯಾಕೆ ಅಂದೆನೋ ನನಗೇ ಗೊತ್ತಿಲ್ಲ. ಗುಂಪಿನ ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿದರು.

"ಜಿರಳೆ ಕಂಡ್ರೆ ಕುರ್ಚಿ ಹತ್ತೋಳು ನೀನು. ಇಲಿ ಹಿಡಿಯೋಕೆ ಹೋಗ್ತೀಯಾ?" ಅಂದರು ಗಂಡ.

"ಅಮ್ಮಾ, ದಟ್ಸ್ ಸೋ ಗ್ರಾಸ್" ಅಂದಳು ಮಗಳು.

ತಾತ ಕಲಿಸುವ ರೀತಿ ನನಗೆ ಹೊಸದು. ಒಂದು ವಾರ ಬೋನು ಮುಟ್ಟಗೊಡಲಿಲ್ಲ. ಬರೀ ದಂಡೆಯ ಮೇಲೆ ನಿಂತು ನೋಡುವುದು. ನೀರಿಲಿ ಸಿಕ್ಕಿದ್ದನ್ನು ಅಲ್ಲೇ ತಿನ್ನುವುದಿಲ್ಲ, ಒಂದು ಚಪ್ಪಟೆ ಕಲ್ಲಿನ ಮೇಲೋ ಬಿದ್ದ ಮರದ ಮೇಲೋ ತಂದು ಕೂತು ತಿನ್ನುತ್ತದೆ. ಅಲ್ಲಿ ಸೀಗಡಿಯ ಕಾಲು, ಒಡೆದ ಚಿಪ್ಪು ಬಿದ್ದಿರುತ್ತವೆ. ಚಳಿ ಹೆಚ್ಚಾದ ಮೇಲೆ ಮಂಜುಗಡ್ಡೆ ನೋಡುವುದನ್ನು ಕಲಿಸಿದರು. ಪೊರೆ ಎಲ್ಲ ಕಡೆ ಗಟ್ಟಿಯಾಗಿದ್ದು ಅಂಚಿನಲ್ಲಿ ಒಂದು ಕೈಯಗಲ ಮಾತ್ರ ಒಡೆದಿದ್ದರೆ ಅಲ್ಲಿ ಯಾವುದೋ ಜೀವ ಇಳಿದಿದೆ ಎಂದು ಅರ್ಥ. ಬೋನಿನ ಬಾಯಿ ನೀರಿನ ಅಂಚಿಗಿರಬೇಕು, ಹಿಂಭಾಗ ಒಣ ನೆಲದ ಮೇಲೆ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ನೀರು ಏರಿದಾಗ ಒಳಗಿರುವುದು ಮುಳುಗಿ ಸಾಯುತ್ತದೆ. ಅದನ್ನು ಮಾತ್ರ ಅವರು ದಿನಾ ಹೇಳುತ್ತಿದ್ದರು. ಬೋನಿನ ಮೇಲೆ ಗೋಣಿತಾಟು ಹೊದಿಸಬೇಕು, ಒಳಗಿನ ಜೀವಕ್ಕೂ ಚಳಿಯಾಗುತ್ತದೆ. ನಾನು ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. "ಮತ್ತೊಂದು ಸಲ" ಅನ್ನುತ್ತಿದ್ದರು. ಮತ್ತೊಂದು ಸಲ, ಮತ್ತೊಂದು ಸಲ... ಅಪ್ಪ ಅಮ್ಮನನ್ನು ಬಿಟ್ಟರೆ ನನ್ನ ಮೇಲೆ ಅಷ್ಟು ಹೊತ್ತು ಖರ್ಚು ಮಾಡಿದ ಹಿರಿಯರು ಇನ್ನೊಬ್ಬರಿಲ್ಲ.

ಜುಲೈನಲ್ಲಿ ಬೋನು ಇಡಲು ಶುರು ಮಾಡಿದೆವು. ತಾತ ಒಂದು ಡಬ್ಬಿಯಲ್ಲಿ ಮೀನಿನ ತುಂಡು ತಂದು ನನ್ನ ಕೈಗೆ ಕೊಟ್ಟರು. ಬೋನಿನ ಒಳಗಿನ ಕೊಕ್ಕೆಗೆ ಸಿಕ್ಕಿಸಬೇಕು. ಅವರು ಮೇಲೆ ದಂಡೆಯಲ್ಲೇ ನಿಲ್ಲುತ್ತಿದ್ದರು, ಇಳಿಯಲು ಕಾಲು ಬಾರದು. ಕೆಳಗೆ ಜೊಂಡಿನ ನಡುವೆ ನಾನೊಬ್ಬಳೇ.

ನಾನು ತಿಪಟೂರಿನವಳು. ಮೊಟ್ಟೆಯನ್ನೂ ಹೊಸಲಿನೊಳಗೆ ತಾರದ ಮನೆ ನಮ್ಮದು. ಡಬ್ಬಿಯ ಮುಚ್ಚಳ ತೆಗೆದವಳೇ ಮುಖ ತಿರುಗಿಸಿದೆ. ಕೈಗವಸು ಹಾಕಿಕೊಂಡರೂ ಮುಟ್ಟಲಾಗಲಿಲ್ಲ. ಅದನ್ನು ಹೇಳಲು ನಾಚಿಕೆ. ಕಲಿಯುತ್ತೇನೆ ಅಂತ ಬಂದವಳು, ಇಷ್ಟಕ್ಕೇ ಆಗುವುದಿಲ್ಲ ಎನ್ನುವುದು ಹೇಗೆ? ಜೊತೆಗೆ ನನ್ನ ತಲೆಯಲ್ಲಿ ಇನ್ನೊಂದು ಇತ್ತು. ನಮ್ಮಮ್ಮ ಇಲಿಬೋನಿಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿಟ್ಟರೆ ಬೆಳಗಾಗುವುದರೊಳಗೆ ಇಲಿ ಬಿದ್ದಿರುತ್ತಿತ್ತು. ತಪ್ಪಿದ್ದೇ ಇಲ್ಲ. ಇಲಿ ಅಂದರೆ ಇಲಿ, ಯಾವ ದೇಶದ್ದಾದರೇನು? ಮಾರನೆಯ ದಿನದಿಂದ ಗ್ಯಾಸಿನ ಮೇಲೆ ಕೊಬ್ಬರಿ ಸುಟ್ಟು ಜೇಬಿಗೆ ಹಾಕಿಕೊಂಡು ಹೋದೆ. ಡಬ್ಬಿ ಬಗ್ಗಿಸಿ ಮೀನನ್ನು ದೂರ ಜೊಂಡಿಗೆ ಸುರಿಯುವುದು, ಕೊಕ್ಕೆಗೆ ಕೊಬ್ಬರಿ ಸಿಕ್ಕಿಸುವುದು, ಖಾಲಿ ಡಬ್ಬಿ ಮೇಲೆ ತಂದು ಕೊಡುವುದು, ಬೆಳಗ್ಗೆ ಬೋನು ಮೇಲೆ ತರುವ ಮೊದಲು ಉಳಿದ ಚೂರು ಕಿತ್ತು ಜೇಬಿಗೆ ಹಾಕಿಕೊಳ್ಳುವುದು.

ಕೊಬ್ಬರಿಗೆ ಇಲಿ ಬಂದವು. ಬಂದದ್ದೆಲ್ಲ ಕಪ್ಪು ಇಲಿ. ಅವನ್ನು ತಾತ ಏನು ಮಾಡುತ್ತಿದ್ದರೆಂದು ನಾನು ಕೇಳುತ್ತಿರಲಿಲ್ಲ. ಒಂದು ವಾರ, ಎರಡು ವಾರ, ನಾಲ್ಕು ವಾರ. ದಿನದಿಂದ ದಿನಕ್ಕೆ ಅವರ ಮಾತು ಕಡಿಮೆಯಾಯಿತು. ಒಂದು ಬೆಳಗ್ಗೆ ಮಂಜುಗಡ್ಡೆಯ ಅಂಚು ಒಡೆದದ್ದು ನನ್ನ ಕಣ್ಣಿಗೇ ಬಿತ್ತು, ತೋರಿಸಿದೆ. "ಬಾತುಕೋಳಿ ಇರಬೇಕು" ಅಂದರು. ನನಗೆ ಆಗ ಕೊಬ್ಬರಿಯ ಮೇಲೆ ಅನುಮಾನ ಬಂತು. ಸಂಜೆ ಬೋನು ಇಟ್ಟು ಮನೆಗೆ ಬಂದ ಮೇಲೆ, ನೀರಿಲಿ ಏನು ತಿನ್ನುತ್ತದೆ ಎಂದು ಮಗಳ ಕೈಯಲ್ಲಿ ಕಂಪ್ಯೂಟರಿನಲ್ಲಿ ಹುಡುಕಿಸಿದೆ. "ಅಮ್ಮಾ, ಇಟ್ ಈಟ್ಸ್ ಫಿಶ್" ಅಂದಳು. ಮೀನು, ಸೀಗಡಿ, ಕಪ್ಪೆ. ಕಾಯಿ ಕೊಬ್ಬರಿಯ ಮಾತೇ ಇಲ್ಲ. ಅದರ ಮಾರನೆಯ ದಿನವೇ ತಾತ ಸಾಕು ಅಂದದ್ದು, ನಾನು ಬಾಯಿ ಬಿಡದೆ ಟೀ ಕುಡಿದದ್ದು.

ಆ ಮಾರನೆಯ ಬೆಳಗ್ಗೆ ಅವರು ಹಿತ್ತಲಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಅವರ ಮಗಳು ದೂರದ ಊರಿನಿಂದ ಬಂದು ಆಸ್ಪತ್ರೆಯಲ್ಲಿ ಇದ್ದಳು. ನಾಲ್ಕನೆಯ ದಿನ ನಾನು ಹೋದೆ. ಹಾಸಿಗೆಯಲ್ಲಿ ಅವರು ಬಹಳ ಸಣ್ಣವರಾಗಿ ಕಂಡರು. ಕೈ ನೀಡಿದರು, ಹಿಡಿದುಕೊಂಡೆ.

"ಬೋನು ಗುಂಪಿನವರಿಗೆ ವಾಪಸ್ ಕೊಟ್ಟುಬಿಡು, ಲವ್. ಒಳ್ಳೇದೇ ಆಯ್ತು, ತಿಳೀತಲ್ಲ. ನಾವು ಮುಗಿಸಿಬಿಟ್ಟಿದ್ದೀವಿ ಅವನ್ನ. ನಮ್ಮಪ್ಪ, ನಾನು."

ಅವರ ಕಣ್ಣು ಗೋಡೆಯ ಕಡೆ ಇತ್ತು. ನಾನು ಅಳತೊಡಗಿದೆ. ಅವರು ತಮಗಾಗಿ ಅಳುತ್ತಿದ್ದೇನೆ ಅಂದುಕೊಂಡು ಸಮಾಧಾನ ಮಾಡಿದರು. ಅದು ಇನ್ನೂ ಕಷ್ಟವಾಯಿತು. ಎಲ್ಲ ಹೇಳಿದೆ. ಮೀನು ಮುಟ್ಟಲಾಗದ್ದು, ಜೊಂಡಿಗೆ ಸುರಿದದ್ದು, ಕೊಬ್ಬರಿ, ನಮ್ಮಮ್ಮ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ಅಳುವಿನಲ್ಲಿ ಅದೂ ಕೆಟ್ಟಿತು.

ಅವರು ಗೋಡೆಯ ಕಡೆಯಿಂದ ನನ್ನತ್ತ ತಿರುಗಿದರು. "ನಾಲ್ಕು ವಾರವೂ?" ಅಂದರು.

"ನಾಲ್ಕು ವಾರವೂ."

"ತೆಂಗಿನಕಾಯಿ?"

"ಸುಟ್ಟದ್ದು."

ನಗು ಹೊಟ್ಟೆಯಿಂದ ಎದ್ದು ಬಂತು ಅವರಿಗೆ. ಸೊಂಟ ನೋಯುತ್ತಿತ್ತು, ಒಂದು ಕೈಯಲ್ಲಿ ಹಾಸಿಗೆಯ ಕಂಬಿ ಹಿಡಿದು ನಕ್ಕರು. "ಹಳ್ಳದ ಕಪ್ಪು ಇಲಿಗಳಿಗೆಲ್ಲ ನಾಲ್ಕು ವಾರ ಹಬ್ಬದೂಟ ಹಾಕಿದ್ಯಲ್ಲೇ!" ಅಂದರು. ನಗುತ್ತಲೇ ಕಣ್ಣು ಒರೆಸಿಕೊಂಡರು, ಆಮೇಲೆ ನಗು ನಿಂತ ಮೇಲೂ ಒರೆಸಿಕೊಳ್ಳುತ್ತಿದ್ದರು. ಬೈಗುಳಕ್ಕೆ ಕಾದಿದ್ದೆ. ಬರಲಿಲ್ಲ.

"ಹಾಗಾದ್ರೆ ನಮಗಿನ್ನೂ ಗೊತ್ತಿಲ್ಲ," ಅಂದರು. ಮುಖ ಬೇರೆಯೇ ಆಗಿತ್ತು. "ಮೀನಿನ ಡಬ್ಬಿ ನನ್ನ ಶೆಡ್ಡಿನ ಫ್ರಿಜ್ಜಿನಲ್ಲಿದೆ. ಮತ್ತೊಂದು ಸಲ."

ಅಂದು ಸಂಜೆ ಗಂಡನೇ ಕಾರಿನಲ್ಲಿ ಕರೆದುಕೊಂಡು ಹೋದರು. ದಂಡೆಯ ಮೇಲೆ ತಾತ ನಿಲ್ಲುತ್ತಿದ್ದ ಜಾಗದಲ್ಲಿ ಟಾರ್ಚ್ ಹಿಡಿದು ನಿಂತರು.

"ಇಕ್ಕಳ ತಂದಿದೀನಿ, ಅದ್ರಲ್ಲಿ ಎತ್ತು."

"ಬೇಡ ಬಿಡಿ" ಅಂದೆ.

ಕೈಗವಸಿನಲ್ಲಿ ಕೊಕ್ಕೆಗೆ ಸಿಕ್ಕಿಸಲು ಬರಲಿಲ್ಲ. ತೆಗೆದುಹಾಕಿ ಬರಿಗೈಯಲ್ಲೇ ಸಿಕ್ಕಿಸಿದೆ. ತಣ್ಣಗೆ, ಜಾರುತ್ತಿತ್ತು. ಆರು ಬೋನು ಮುಗಿಸಿ ಜೊಂಡಿನಲ್ಲೇ ವಾಂತಿ ಮಾಡಿಕೊಂಡೆ. ಮನೆಗೆ ಬಂದು ತಲೆಗೆ ಸ್ನಾನ ಮಾಡಿ ಅಡುಗೆಮನೆಗೆ ಹೋದೆ. ಮೊದಲ ಬೆಳಗ್ಗೆ ಏನೂ ಇಲ್ಲ. ಎರಡನೆಯ ಬೆಳಗ್ಗೆಯೂ ಇಲ್ಲ.

ಮೂರನೆಯ ಬೆಳಗ್ಗೆ ಬಾಗಿದ ಮರದ ಬುಡದ ಬೋನಿನ ಬಾಗಿಲು ಮುಚ್ಚಿತ್ತು. ಹೆಪ್ಪುಗಟ್ಟಿ ಬಿರುಸಾಗಿದ್ದ ಗೋಣಿತಾಟನ್ನು ಮೆಲ್ಲಗೆ ಎತ್ತಿದೆ. ಮುಂಗುಸಿಯಷ್ಟು ದೊಡ್ಡದು. ಬೆನ್ನು ಕಪ್ಪು, ಹೊಟ್ಟೆ ಜೇನಿನ ಬಣ್ಣ, ಬಾಲದ ತುದಿ ಸುಣ್ಣದಲ್ಲಿ ಅದ್ದಿದ ಹಾಗೆ ಬಿಳಿ. ಹಿಂಗಾಲಿನ ಬೆರಳುಗಳ ನಡುವೆ ಬಾತುಕೋಳಿಯಂಥ ಪೊರೆ. ಅದು ನನ್ನನ್ನು ನೋಡಿತು. "ಇದೆ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಗಂಡ ಮೇಲಿನಿಂದ "ಏನಾಯ್ತೇ? ಕಚ್ಚಿತಾ?" ಅಂದರು. ಫೋಟೊ ತೆಗೆದೆ, ಅವಸರದಲ್ಲಿ ಮೊದಲ ಎರಡು ಹಾಳಾದವು. ಬಾಗಿಲು ತೆಗೆದೆ. ಸದ್ದಿಲ್ಲದೆ ನೀರಿಗೆ ಇಳಿಯಿತು. ಮಂಜುಗಡ್ಡೆಯ ಅಂಚು ಒಂದು ಕೈಯಗಲ ಒಡೆಯಿತು.

ಅಂದೇ ಆಸ್ಪತ್ರೆಗೆ ಹೋಗಿ ಕ್ಯಾಮೆರಾ ಅವರ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಎಷ್ಟು ಹೊತ್ತೋ...

"ಮೀನು ಮುಟ್ಟಿದ್ಯಾ?"

"ಮುಟ್ಟಿದೆ."

"ಹೇಗಿತ್ತು?"

"ಥೂ!" ಅಂದೆ. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಅವರಿಗೆ ನ್ಯುಮೋನಿಯಾ ಆಯಿತು, ಮನೆಗೆ ಮರಳಲಿಲ್ಲ. ನಾನು ಪ್ರಿಂಟ್ ಹಾಕಿಸಿ ಕೊಟ್ಟಿದ್ದ ಫೋಟೊ ಕೊನೆಯವರೆಗೂ ಹಾಸಿಗೆಯ ಪಕ್ಕದಲ್ಲಿತ್ತು ಎಂದು ಅವರ ಮಗಳು ಹೇಳಿದಳು. ಬಂದ ನರ್ಸುಗಳಿಗೆಲ್ಲ ತೋರಿಸಿ, "ಹಿಡಿದದ್ದು ನಾನಲ್ಲ, ಪಕ್ಕದ ಮನೆಯವಳು" ಅನ್ನುತ್ತಿದ್ದರಂತೆ. ಕೊಬ್ಬರಿಯ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ಆವತ್ತು ಬೈಯದೆ ನಕ್ಕುಬಿಟ್ಟ ಆ ದೊಡ್ಡತನಕ್ಕೆ ನಾನು ಥ್ಯಾಂಕ್ಸ್ ಹೇಳಿದ್ದೆನೇ ಎಂದು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಹೇಳಿದ ನೆನಪಿಲ್ಲ.

ಆಮೇಲೆ ಗಂಡನಿಗೆ ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ಆಫೀಸೊಂದರಲ್ಲಿ ಕೆಲಸವಾಗಿ ಸಿಡ್ನಿಗೆ ಬಂದೆವು. ಮೊನ್ನೆ ತೆಗೆದ ಕೋಟು ಯಾರಿಗೂ ಕೊಡಲಿಲ್ಲ, ಮಡಿಸಿ ಒಳಗಿಟ್ಟೆ. ಆವತ್ತು ಸಂಜೆ ಮನಸ್ಸು ತಡೆಯದೆ ಇಲ್ಲಿಯ ಹಳ್ಳದ ಕಡೆ ನಡೆದುಕೊಂಡು ಹೋದೆ. ಸೇತುವೆಯ ಕೆಳಗೆ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಸೀಗಡಿಯ ಕಾಲುಗಳು, ಹೊಸದಾಗಿ ಒಡೆದ ಚಿಪ್ಪು. ನನಗೆ ಗೊತ್ತಾಯಿತು, ಇಲ್ಲೂ ಇದೆ. ಮನೆಗೆ ಬಂದು ಹೇಳಿದೆ. ಗಂಡ "ಹೌದಾ?" ಅಂದರು, ಮಗಳು "ಓ, ನೈಸ್" ಅಂದಳು. ಅವರದೇನೂ ತಪ್ಪಿಲ್ಲ. ಅದು ಎಷ್ಟು ದೊಡ್ಡ ವಿಷಯ ಎಂದು ತಿಳಿದವರು ಒಬ್ಬರೇ ಇದ್ದರು. ಅವರು ಈಗ ಇಲ್ಲ.