ಅಂಗಿ ಹ್ಯಾಂಗ ತೊಯ್ತು?

ಅಕ್ಕೋರ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದೇ ಇರುತ್ತಿತ್ತು. ಹುಟ್ಟಿನಿಂದಲೇ ಹಾಗಂತೆ. ಹೊಸಬರು ನೋಡಿದರೆ ನಿದ್ದೆಗಣ್ಣಿನ ಹೆಂಗಸು ಅಂದುಕೊಳ್ಳಬೇಕು. ಆದರೆ ಎದುರಿಗಿದ್ದವರು ಸುಳ್ಳು ಹೇಳಿದರೆ ಆ ರೆಪ್ಪೆ ಮೆಲ್ಲಗೆ ಮೇಲಕ್ಕೇಳುತ್ತದೆ ಎಂದು ಸಂಡೇ ಸ್ಕೂಲಿನ ಮಕ್ಕಳಾದ ನಾವೆಲ್ಲ ನಂಬಿದ್ದೆವು. ಕಾಣಿಕೆಗೆಂದು ಮನೆಯಲ್ಲಿ ಕೊಟ್ಟ ಚಿಲ್ಲರೆಗೆ ದಾರಿಯಲ್ಲಿ ಪೆಪ್ಪರಮಿಂಟು ತಿಂದು ಬಂದ ದಿನ ನಾನಂತೂ ಅವರ ಬಲಗಣ್ಣನ್ನು ಮಾತ್ರ ನೋಡಿ ಮಾತಾಡುತ್ತಿದ್ದೆ. "ಖರೇ ಹೇಳಿ ಒದಿ ತಿನ್ರಿ, ಸುಳ್ಳ ಹೇಳಿ ಪೆಪ್ಪರಮಿಂಟ ತಿನಬ್ಯಾಡ್ರಿ" ಎನ್ನುವುದು ಅವರ ಪಾಠದ ಮೊದಲ ಮಾತೂ ಕೊನೆಯ ಮಾತೂ ಆಗಿತ್ತು.

ಸಿಕಂದರಾಬಾದಿನ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಬಹಳ ಜನ ಗದಗ-ಹುಬ್ಬಳ್ಳಿ ಕಡೆಯಿಂದ ಕೇಂದ್ರ ಸರ್ಕಾರದ ಕಾರ್ಖಾನೆಗಳ ಕೆಲಸಕ್ಕೆ ಬಂದು ಇಲ್ಲೇ ಬೇರು ಬಿಟ್ಟವರು. ವಾರವೆಲ್ಲ ತೆಲುಗು, ಹಿಂದಿ. ಭಾನುವಾರ ಬಾಯ್ತುಂಬ ಕನ್ನಡ. ಆ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರಲ್ಲ, ಹಾಗಾಗಿ ಸಭೆಗೆಲ್ಲ ಅವರು ಅಕ್ಕೋರೇ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಗಂಡ ಕಾರ್ಖಾನೆಯಲ್ಲಿ ಫಿಟ್ಟರ್. ಒಬ್ಬಳೇ ಮಗಳು, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಕ್ವಾಯರಿನಲ್ಲಿ ಹಾಡುತ್ತಿದ್ದಳು. ನನಗೆ ಅವಳ ಮೇಲೆ ಭಾರೀ ಹೊಟ್ಟೆಕಿಚ್ಚು, ಯಾಕೆಂದರೆ ನಾನು ಹಾಡಿದರೆ ಮನೆಯವರೇ ಎದ್ದು ಹೋಗುತ್ತಿದ್ದರು.

ಈಸ್ಟರಿನ ಮರುದಿನ ಸೋಮವಾರ ಮಕ್ಕಳನ್ನು ಪಿಕ್ನಿಕ್ಕಿಗೆ ಕರೆದೊಯ್ಯುವುದು ನಮ್ಮ ಸಭೆಯ ಹಳೆಯ ಪದ್ಧತಿ. ಅದರ ಹೊಣೆ ಕ್ವಾಯರ್ ಮಾಸ್ತರರದು. ಒಳ್ಳೆಯ ಕಂಠ, ನಗುಮುಖ, ಎಲ್ಲರಿಗೂ ಬೇಕಾದ ಮನುಷ್ಯ. ಆ ವರ್ಷ ಊರ ಹೊರಗಿನ ದೊಡ್ಡ ಕೆರೆಗೆ ಹೋದರು. ನನಗೆ ಜ್ವರ ಬಂದಿತ್ತು, ಅಮ್ಮ ಬಿಡಲಿಲ್ಲ. ಚಾಪೆಯ ಮೇಲೆ ಬಿದ್ದುಕೊಂಡು ಅಳುತ್ತಿದ್ದೆ. ಮಧ್ಯಾಹ್ನ ಪಕ್ಕದ ಮನೆಯ ಮುಂದೆ ಆಟೋ ನಿಂತಿತು. ಇಳಿದವರು ಮಾಸ್ತರರು. ಅಂಗಿ ಒದ್ದೆಯಾಗಿ ಮೈಗಂಟಿತ್ತು. ಅಕ್ಕೋರ ಮಗಳು ನೀರಿನಲ್ಲಿ ಹೋಗಿಬಿಟ್ಟಿದ್ದಳು. ದಂಡೆಯಲ್ಲಿದ್ದ ಮಕ್ಕಳು ಗಾಬರಿಯಿಂದ ರಸ್ತೆಗೆ ಓಡಿ ಜನರನ್ನು ಕರೆದು ತಂದರಂತೆ; ಅಷ್ಟರಲ್ಲಿ ಮಾಸ್ತರರು ಎದೆಮಟ್ಟದ ನೀರಿನಲ್ಲಿ ನಿಂತಿದ್ದರಂತೆ. "ಹಾರಿದ್ನಿರಿ ಅಕ್ಕೋರ, ಕೈಗೆ ಸಿಗಲಿಲ್ರಿ" ಎಂದು ಬಾಗಿಲಲ್ಲೇ ಕುಸಿದರು.

ಅಕ್ಕೋರು ಕಿರುಚಿದ್ದು ನನಗೆ ಈಗಲೂ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ ನೆನಪಿರುವುದು ಆಮೇಲಿನದು. ಅತ್ತು ಅತ್ತು ಸೋತು ಕೂತವರು, ಮಾಸ್ತರರು ನಡುಗುವುದನ್ನು ಕಂಡು ಎದ್ದು ಒಳಗೆ ಹೋದರು. ಟ್ರಂಕಿನಿಂದ ಗಂಡನ ಅಂಗಿಯೊಂದನ್ನು ತಂದು ಕೊಟ್ಟರು. "ಮೊದಲ ಒಣಾ ಅಂಗಿ ಹಾಕ್ಕೊಳ್ರಿ. ನೆಗಡಿ ಆಗ್ತೈತಿ" ಅಂದರು. ಮಗಳ ಹೆಣ ಇನ್ನೂ ಮನೆಗೆ ಬಂದಿರಲಿಲ್ಲ. ಆ ಒದ್ದೆ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ಮಣ್ಣು ಮುಗಿದ ಮೇಲೆ ಅವರೇ ಹೋಗಿ ಕೊಟ್ಟು ಬಂದರು.

ಅಲ್ಲಿಂದ ಮುಂದೆ ಪ್ರತಿ ಕ್ರಿಸ್‌ಮಸ್ಸಿಗೆ ಅಕ್ಕೋರ ಮನೆಯ ಕರಚೀಕಾಯಿ, ಚಕ್ಕಲಿಯ ಮೊದಲ ತಾಟು ಮಾಸ್ತರರ ಮನೆಗೆ. ಗಂಡ ತೀರಿಕೊಂಡ ವರ್ಷವೂ ಅದು ತಪ್ಪಲಿಲ್ಲ. "ನನ್ನ ಮಗಳ ಸಲುವಾಗಿ ನೀರಿಗೆ ಬಿದ್ದಾಂವ ಅಂವ. ಅವನ ಮನಿ ತಣ್ಣಗಿರ್ಲಿ" ಎಂದು ಊಟದ ಪ್ರಾರ್ಥನೆಯಲ್ಲೂ ಸೇರಿಸುತ್ತಿದ್ದರು. ಮಾಸ್ತರರು ಆ ತಾಟನ್ನು ವರ್ಷ ವರ್ಷವೂ ತೆಗೆದುಕೊಂಡರು. ಹೇಗೆ ಗಂಟಲಲ್ಲಿ ಇಳಿಯಿತೋ ಆ ಮಹಾರಾಯನಿಗೆ!

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಭೆಯಲ್ಲಿ ಉಜ್ಜೀವನ ಕೂಟ ನಡೆಯಿತು. ಬೇರೆ ಊರಿನಿಂದ ಬಂದ ಬೋಧಕರು ಪಶ್ಚಾತ್ತಾಪದ ಬಗ್ಗೆ ಎಲ್ಲರ ಎದೆ ನಡುಗುವಂತೆ ಮಾತಾಡಿದರು. ಪಾಪವಿದ್ದವರು ಎದ್ದು ಬಂದು ಸಾಕ್ಷಿ ಹೇಳಿ ಎಂದು ಕರೆದಾಗ ಮೊದಲು ಎದ್ದವರು ಮಾಸ್ತರರು. ಮೈಕು ಹಿಡಿದು ಹೇಳಿದರು:

"ಆವತ್ತ ನಾ ದಂಡ್ಯಾಗ ಇರ್ಲಿಲ್ಲ. ಮಕ್ಕಳನ್ನ ಬಿಟ್ಟು ಕಳ್ಳು ಕಾಂಪೌಂಡಿಗೆ ಕುಡ್ಯಾಕ ಹೋಗಿದ್ದೆ. ನೀರಿಗೆ ಹಾರಿದೆ ಅಂದದ್ದು ಸುಳ್ಳ. ಈಗ ಕರ್ತ ನನ್ನ ಪಾಪ ತೊಳದಾನ."

ಸಭೆಯೆಲ್ಲ ಎದ್ದು ನಿಂತಿತು. ಸ್ತೋತ್ರ, ಹಲ್ಲೆಲೂಯ, ಅಳು. ನನ್ನ ಅಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅಕ್ಕೋರ ಕಡೆ ನೋಡಿದೆ. ಅವರು ಅಳುತ್ತಿರಲಿಲ್ಲ. ಏನನ್ನೋ ಹೊಂದಿಸಿ ನೋಡುವವರಂತೆ ತಮ್ಮ ಅಂಗೈಯನ್ನೇ ನೋಡುತ್ತಿದ್ದರು. ಬೋಧಕರು ಅವರನ್ನು ಮುಂದೆ ಕರೆದು, "ತಾಯೀ, ಈ ಸಹೋದರನ ತಲೆಯ ಮೇಲೆ ಕೈಯಿಟ್ಟು ಕ್ಷಮಿಸಿದೆ ಅನ್ನಿ" ಎಂದರು. ಅಕ್ಕೋರು ಮುಂದೆ ಹೋದರು. ಕೈ ಇಡಲಿಲ್ಲ. ಮೊಣಕಾಲೂರಿದ್ದ ಮನುಷ್ಯನನ್ನು ಒಂದೇ ಒಂದು ಮಾತು ಕೇಳಿದರು, ಅದು ಮೈಕಿನಲ್ಲಿ ಎಲ್ಲರಿಗೂ ಕೇಳಿತು.

"ಹಂಗಾದ್ರ ಅಂಗಿ ಹ್ಯಾಂಗ ತೊಯ್ತು?"

ಮಾಸ್ತರರು ಇನ್ನೂ ಜೋರಾಗಿ ಅತ್ತರು. ಕೀಬೋರ್ಡಿನವನು ಸ್ವರ ಏರಿಸಿದ. ಅಕ್ಕೋರು ತಿರುಗಿ ಬಂದು ತಮ್ಮ ಜಾಗದಲ್ಲಿ ಕೂತರು.

ಆಮೇಲೆ ನಡೆದದ್ದು ನೆನೆದರೆ ನನ್ನ ಮೈ ಈಗಲೂ ಉರಿಯುತ್ತದೆ. ತಪ್ಪು ಮಾಡಿದವನು ಸಭೆಗೆ ಸಂತನಾದ. ಮಗಳನ್ನು ಕಳೆದುಕೊಂಡವರು ಕಲ್ಲೆದೆಯವರಾದರು. ಕ್ಷಮಿಸಲಾರದವರು ಮಕ್ಕಳಿಗೆ ಏನು ಕಲಿಸುತ್ತಾರೆ ಎಂದು ಹಿರಿಯರು ಸಂಡೇ ಸ್ಕೂಲನ್ನು ಅವರಿಂದ ತೆಗೆದುಕೊಂಡರು. ಸ್ತ್ರೀಯರ ಕೂಟದವರು ಬುದ್ಧಿ ಹೇಳಲು ಮನೆಗೆ ಬಂದಾಗ ಅಕ್ಕೋರು ಚಹಾ ಮಾಡಿ ಕೊಟ್ಟು ಹೇಳಿದರು: "ಕ್ಷಮಾ ಮಾಡಾಕ ಒಲ್ಲೆ ಅಂದಿಲ್ರವ್ವಾ. ಯಾತಕ್ಕ ಮಾಡಬೇಕು ಅಂತ ಕೇಳೀನಿ. ಅರ್ಧಾ ಹೇಳ್ಯಾನ. ನನ್ನ ಮನೀಗೆ ಬಂದು, ಕುಂತು, ಉಳಿದರ್ಧಾ ಹೇಳ್ಲಿ."

ಮಾಸ್ತರರು ಬರಲಿಲ್ಲ. ಹಳೆಯದೆಲ್ಲ ಶಿಲುಬೆಯ ಬುಡದಲ್ಲಿ ಮುಗಿಯಿತು ಎನ್ನುತ್ತಿದ್ದರಂತೆ. ಬೇರೆ ಬೇರೆ ಸಭೆಗಳಲ್ಲೂ ಆ ಸಾಕ್ಷಿ ಹೇಳಿದರು. ಅದನ್ನು ಕೇಳಿ ಕುಡಿತ ಬಿಟ್ಟವರೂ ಇದ್ದಾರಂತೆ. ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ಅದರಲ್ಲಿ ಅಂಗಿಯ ಮಾತು ಮಾತ್ರ ಎಂದೂ ಬರಲಿಲ್ಲ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ರೊಟ್ಟಿಗೂ ದ್ರಾಕ್ಷಾರಸಕ್ಕೂ ಸಾಲು ಸಾಲಾಗಿ ಎಲ್ಲರೂ ಎದ್ದು ಹೋಗುವಾಗ ಅಕ್ಕೋರು ಹಿಂದಿನ ಬೆಂಚಿನಲ್ಲಿ ಕೂತೇ ಇರುತ್ತಿದ್ದರು. ಜನ ತಿರುಗಿ ತಿರುಗಿ ನೋಡುತ್ತಿದ್ದರು. ನನಗೆ ತಡೆಯದೆ, "ಹೋಗಿ ತಗೊಳ್ರಲಾ, ಯಾರೇನ್ ಅಂತಾರ?" ಎಂದೆ. "ಕ್ಷಮಾ ಮಾಡದ ಒಬ್ಬನ್ನ ಹೊಸ್ತಲಾ ಹೊರಗ ನಿಲ್ಲಿಸಿ ನಾ ಒಳಗ ಕುಂತು ಹ್ಯಾಂಗ ಉಣ್ಲೆವ್ವಾ?" ಅಂದರು. ಹಸಿದವರ ಹಾಗೆ ಆ ತಟ್ಟೆಯನ್ನೇ ನೋಡುತ್ತಿದ್ದರು. ವರ್ಷಗಟ್ಟಲೆ ಹಾಗೇ ನೋಡಿದರು.

ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಮಾಸ್ತರರ ಹೆಂಡತಿ ಬಂದರು. ಗಂಡನ ಲಿವರ್ ಕೆಟ್ಟು, ಆಸ್ಪತ್ರೆಯವರು ಮನೆಗೆ ಕಳಿಸಿಬಿಟ್ಟಿದ್ದರು. "ಒಮ್ಮೆ ಬರ್ರಿ ಅಕ್ಕೋರ. ನಿಮ್ಮ ಹೆಸರ ಹಿಡದು ಒದರಾಕತ್ತಾರ" ಎಂದು ಕೈ ಮುಗಿದರು. ಅಕ್ಕೋರಿಗೆ ಆಗ ಮೊಣಕಾಲು ಹಿಡಿದುಹೋಗಿತ್ತು. ನಾನೇ ಆಫೀಸಿಗೆ ರಜಾ ಹಾಕಿ ಆಟೋದಲ್ಲಿ ಕರೆದುಕೊಂಡು ಹೋದೆ. ಕಾಚಿಗೂಡ ಸ್ಟೇಷನ್ನಿನ ಹಿಂದೆ ಹಳೆಯ ಮನೆ. ಮಾಸ್ತರರ ಹೊಟ್ಟೆ ಉಬ್ಬಿತ್ತು, ಕಣ್ಣು ಅರಿಸಿನದಂತೆ ಹಳದಿಯಾಗಿತ್ತು. ಅಕ್ಕೋರು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತರು. ಕ್ಷೇಮ ಸಮಾಚಾರ ಕೇಳಲಿಲ್ಲ.

"ಹೇಳ್ರಿ" ಅಂದರು.

ಮಾಸ್ತರರು ಗೋಡೆಯ ಕಡೆ ಮುಖ ಮಾಡಿ ಹೇಳಿದರು. ಕಳ್ಳು ಕಾಂಪೌಂಡಿನಿಂದ ತಿರುಗಿ ಬರುವಾಗ ಮಕ್ಕಳು ಕೂಗುತ್ತಾ ರಸ್ತೆಯ ಕಡೆ ಓಡುವುದು ಕಂಡಿತಂತೆ. ದಂಡೆಗೆ ಬಂದರೆ ಯಾರೂ ಇಲ್ಲ, ಅವಳ ಚಪ್ಪಲಿ ಮಾತ್ರ. ಎಲ್ಲ ತಿಳಿಯಿತು.

"ಈಗ ಜನ ಬರ್ತಾರ, ಬಾಯಿ ವಾಸನಿ ನೋಡ್ತಾರ ಅನಿಸ್ತು. ನೀರಿಗೆ ಇಳದೆ. ಹುಡುಕಾಕ ಇಳೀಲಿಲ್ಲ ಅಕ್ಕೋರ. ಅಂಗಿ ತೋಯಿಸ್ಕೊಳ್ಳಾಕ ಇಳದೆ."

"ಆಗ ಅಕಿ ನೀರಾಗ ಇದ್ಲೇನು?"

"ಇದ್ಲು. ಗುಳ್ಳಿ ಏಳಾಕತ್ತಿದ್ವು."

ಹೊರಗೆ ಒಂದು ರೈಲು ಹೋಯಿತು. ಮಾಸ್ತರರ ತುಟಿ ಒಣಗಿ ಬಿರಿದಿತ್ತು. ಅಕ್ಕೋರು ಲೋಟ ತೆಗೆದುಕೊಂಡು, ಆ ತಲೆಯನ್ನು ಎಡಗೈಯಿಂದ ಎತ್ತಿ, ಎರಡು ಗುಟುಕು ನೀರು ಕುಡಿಸಿದರು. "ಕ್ಷಮಾ ಮಾಡಿದ್ರ್ಯಾ ಅಕ್ಕೋರ?" ಎಂದು ಆತ ಕೇಳಿದ. "ಇಲ್ಲ. ಇನ್ನಾ ಬಾಯಿಗೆ ಬಂದಿಲ್ಲ. ಬಂದ ದಿನಾ ಹೇಳ್ತೀನಿ" ಅಂದು ಎದ್ದರು. ಹೊರಗೆ ಬಂದವರೇ ಗೋಡೆ ಹಿಡಿದು ಕಕ್ಕಿದರು. ಆಟೋದವನು ಇಳಿದು ಬಂದು ಏನಾಯಿತೆಂದು ತೆಲುಗಿನಲ್ಲಿ ಕೇಳಿದ, "ಏಮೈಂದಮ್ಮಾ?" "ಏಂ ಲೇದು ನಾಯನಾ, ಪೋನೀ" ಎಂದು ಏನೂ ಆಗದವರಂತೆ ಬಾಯಿ ಒರೆಸಿಕೊಂಡು ಹತ್ತಿದರು.

ಮರುದಿನ ಬೆಳಿಗ್ಗೆ ನೋಡಿದರೆ ಗಂಜಿ ಕಾಯಿಸಿ ಡಬ್ಬಿಗೆ ತುಂಬುತ್ತಿದ್ದಾರೆ! "ನಿಮಗ ತಲಿ ಕೆಟ್ಟೈತೇನ್ರಿ? ಅಷ್ಟು ಕೇಳಿದ ಮ್ಯಾಲೂ?" ಎಂದು ರೇಗಿದೆ. "ಖರೇ ಹೇಳ್ಯಾನವ್ವಾ. ಖರೇ ಹೇಳಿದವನ್ನ ಒಬ್ಬಂಟಿ ಬಿಡಬಾರದು" ಅಂದರು. ದಿನಾ ಹೋದರು. ಗಂಜಿ ಕುಡಿಸಿದರು, ಬಾಯಿ ಒರೆಸಿದರು, ಹೆಂಡತಿಗೆ ಆಗದಿದ್ದಾಗ ಮೈಯನ್ನೂ ಒರೆಸಿದರು. ಆತ ಬಾಯಿಬಿಟ್ಟು ಮತ್ತೆ ಕೇಳಲಿಲ್ಲ, ಆದರೆ ಅವರ ಮುಖವನ್ನೇ ನೋಡುತ್ತಿದ್ದ. ಇವರು ತಲೆ ಅಲ್ಲಾಡಿಸಿ "ನಾಳೆ ನೋಡೂಣು" ಅನ್ನುತ್ತಿದ್ದರು. ಬಾರದ ಮಾತನ್ನು ಬಂದಿದೆ ಎಂದು ಹೇಳುವ ಜಾಯಮಾನವೇ ಅಲ್ಲ ಅವರದು.

ಒಂದು ಬೆಳಿಗ್ಗೆ ನಾನೇ ಜೊತೆಗೆ ಹೋಗಿದ್ದೆ. ಆಟೋದಲ್ಲಿ ಅಕ್ಕೋರು ನನ್ನ ತೊಡೆಯ ಮೇಲೆ ಕೈಯಿಟ್ಟು, "ಇವತ್ತ ಬಂತವ್ವಾ ಬಾಯಿಗೆ. ಮುಂಜಾನೆ ಏಳೂದರಾಗ ಬಂದಿತ್ತು. ಇವತ್ತ ಹೇಳ್ತೀನಿ" ಅಂದರು. ಅಷ್ಟು ವರ್ಷಗಳಲ್ಲಿ ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ. ಕಾಚಿಗೂಡದ ಆ ಮನೆಯ ಮುಂದೆ ಇಳಿದಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಬೆಳಕು ಹರಿಯುವಾಗಲೇ ಜೀವ ಹೋಗಿತ್ತು. ಅಕ್ಕೋರು ಗಂಜಿ ಡಬ್ಬಿ ಹಿಡಿದುಕೊಂಡೇ ಹೊಸ್ತಿಲಲ್ಲಿ ಕೂತುಬಿಟ್ಟರು. "ಹೇಳಾಕ ಬಂದಿದ್ನೋ ಯಪ್ಪಾ" ಎಂದು ಹೆಣಕ್ಕೆ ಹೇಳಿದರು. ಮಗಳು ಸತ್ತ ದಿನ ಅತ್ತ ಹಾಗೆ ಅತ್ತರು. ಒಳಗಿದ್ದ ಸಭೆಯವರಿಗೆ ಈಕೆ ಇವನಿಗಾಗಿ ಯಾಕೆ ಅಳುತ್ತಾಳೆ ಎಂದು ಅರ್ಥವಾಗಲಿಲ್ಲ.

ಆಮೇಲೆ ಅಕ್ಕೋರು ಬೇರೆಯೇ ಆದರು. "ಖರೇ, ಖರೇ ಅಂತ ಹೇಳಿ ಸಾಯೋ ಮನಶ್ಯಾನ್ನ ಕಾಯಿಸಿದೆ. ಸುಳ್ಳಾದ್ರೂ ಹೇಳಬೇಕಿತ್ತವ್ವಾ. ಅಂವ ನಂಬಿ ಹೋಗ್ತಿದ್ದ" ಎಂದು ಚಹಾ ಸೋಸುತ್ತಾ, ಬಟ್ಟೆ ಮಡಚುತ್ತಾ ಅದನ್ನೇ ಹೇಳುತ್ತಿದ್ದರು. ಇನ್ನಾದರೂ ಎದ್ದು ಹೋಗಿ ರೊಟ್ಟಿ ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಹಿಂದಿನ ಬೆಂಚಿನಿಂದ ಕದಲಲಿಲ್ಲ. ಹೊಸದಾಗಿ ಬಂದ ಪಾಸ್ಟರು ಚಿಕ್ಕ ವಯಸ್ಸಿನವರು, ಮೆದು ಮನಸ್ಸಿನವರು. ರೊಟ್ಟಿ, ಬಟ್ಟಲು ಹಿಡಿದು ಮನೆಗೇ ಬಂದರು. ದೇವರ ಕರುಣೆಗೆ ಗಡುವು ಇಲ್ಲ ಎಂದರು. ಅಕ್ಕೋರು ಕೈ ಮುಗಿದು, "ಈಗ ಬ್ಯಾಡ್ರಿ. ಆಗ ಅಂವ ಹೊರಗ ಇದ್ದ. ಈಗ ನಾನ ಹೊರಗ ಅದೀನಿ" ಎಂದು ಕಳಿಸಿಬಿಟ್ಟರು. ಪಾಸ್ಟರು ಮೆಟ್ಟಿಲಿಳಿಯುವಾಗ ಕಣ್ಣು ತುಂಬಿಕೊಂಡಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕೋರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ನಾನು ಪಕ್ಕದಲ್ಲಿ ಕೂತಿದ್ದೆ. ಮಧ್ಯಾಹ್ನದ ಊಟದ ಗದ್ದಲ, ನೆಲ ಒರೆಸುವವರ ಕೂಗಾಟ. ಮಾತು ತೊದಲುತ್ತಿತ್ತು, ಆದರೆ ನನಗೆ ತಿಳಿಯುತ್ತಿತ್ತು. ಅವರು ಸ್ವಾಧೀನದಲ್ಲಿದ್ದ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದು ಎಳೆದು, "ನನಗ ಕ್ಷಮಾ ಐತೇನವ್ವಾ?" ಎಂದು ಕೇಳಿದರು.

ನಾನೇನು ದೇವರ ಮನೆಯ ಕಾರಕೂನಳೇ? ನನಗೇನು ಗೊತ್ತು? ಪ್ರಾರ್ಥನೆಗೆ ಕೂತರೆ ಆಕಳಿಸುವವಳು ನಾನು. ಆದರೂ ಖರೆಯೋ ಸುಳ್ಳೋ ಎಂದು ಯೋಚಿಸುತ್ತಾ ಕೂರಲಿಲ್ಲ. ಅವರ ಬಾಯಿಯ ಮಾತು ಮುಗಿಯುವ ಮೊದಲೇ "ಐತ್ರಿ ಅಕ್ಕೋರ, ಐತಿ" ಅಂದೆ. ರೆಪ್ಪೆಗಳು ಎರಡೂ ಮುಚ್ಚಿದ್ದವು. ಕೇಳಿಸಿತೋ ಇಲ್ಲವೋ ಎಂದು ಹೆದರಿ, ಕಿವಿಯ ಹತ್ತಿರ ಬಾಗಿ ಇನ್ನೊಮ್ಮೆ ಹೇಳಿದೆ.