ಅತ್ತೆ ಹಾಕಿದ ಲೆನ್ಸ್

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ಲೆನ್ಸ್ ಮತ್ತೆ ನನ್ನ ಬೆರಳಿನಿಂದ ಜಾರಿತು. ನನಗೆ ಕೆರಟೋಕೋನಸ್, ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ ಶಂಕುವಿನಂತೆ ಉಬ್ಬುವ ತೊಂದರೆ. ಕನ್ನಡಕ ಹಾಕಿದರೂ ಎಲ್ಲ ಕಲಸಿದಂತೆ ಕಾಣುತ್ತಿತ್ತು. ಚಿಕ್ಕ ಗಟ್ಟಿ ಲೆನ್ಸ್ ಚುಚ್ಚುತ್ತಿತ್ತು. ಉಳಿದದ್ದು ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಈ ದೊಡ್ಡ ಸ್ಕ್ಲೀರಲ್ ಲೆನ್ಸ್. ಅದರಲ್ಲಿ ಸಲೈನ್ ತುಂಬಿ, ಗಾಳಿಗುಳ್ಳೆ ಸೇರದಂತೆ ಹಾಕಬೇಕು. ಲೆನ್ಸ್ ಹತ್ತಿರ ಬಂದೊಡನೆ ನಾನು ರೆಪ್ಪೆ ಮುಚ್ಚಿಬಿಡುತ್ತಿದ್ದೆ.

ಜೊತೆಗಿದ್ದ ಅತ್ತೆ ಕೈ ತೊಳೆದುಕೊಂಡು ಬಂದರು. “ಹೆದರಬ್ಯಾಡವಾ, ನಾ ಹಾಕತೇನಿ,” ಎಂದು, ಸಿಬ್ಬಂದಿ ತೋರಿಸಿದಂತೆ ರೆಪ್ಪೆ ಬಿಡಿಸಿ ಮೆಲ್ಲಗೆ ಕೂರಿಸಿದರು.

ತಲೆ ಎತ್ತಿದೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರ ಮುಖ ಸ್ಪಷ್ಟವಾಗಿ ಕಂಡಿತು.

“ಅತ್ತಿ, ಅಳಾಕತ್ತೀರೇನ್ರಿ?”

“ಅದೂ ಕಾಣಾಕತ್ತೈತೇನ ನಿನಗ?” ಎನ್ನುತ್ತ ಅತ್ತೆ ನಕ್ಕರು.

ಈಗ ಲೆನ್ಸ್ ನಾನೇ ಹಾಕಿಕೊಳ್ಳುತ್ತೇನೆ. ಬೆಳಗ್ಗೆ ಕನ್ನಡಿಯ ಮುಂದೆ ನಿಂತರೆ, ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ. ಲೆನ್ಸ್ ಕೂತಿತೆಂದು ನಾನು ಕೂಗಿ ಹೇಳಿದ ಮೇಲೆಯೇ ಅದು ಮತ್ತೆ ಶುರುವಾಗುತ್ತದೆ.