ಹಿಮ್ಮಡಿಗೆ ಹಚ್ಚಿದ ಗಂಜಿ

ಗೆಳೆಯರೇ, ಎಂಬತ್ತರ ದಶಕ ಮುಗಿಯುವ ಮುನ್ನ ನಮ್ಮ ಬಾಗಲಕೋಟೆಯ ದವಾಖಾನೆಗೂ ಸ್ಕ್ಯಾನಿಂಗ್ ಯಂತ್ರ ಬಂತಲ್ಲ, ಅದು ಬಸುರಿಯರಿಗೆ ಮಾತ್ರ ಎಂದೇ ಊರು ನಂಬಿದೆ. ಇವತ್ತು ಬಸುರಿಯರ ಸಾಲಿನಲ್ಲಿ ಇಳಕಲ್ಲಿನ ನೇಕಾರ ಸಂಗಪ್ಪ ತಲೆ ತಗ್ಗಿಸಿ ಕೂತಿದ್ದರು, ಪಕ್ಕದಲ್ಲಿ ಹೆಂಡತಿ ಗೌರವ್ವ. ಮಗ್ಗ ತುಳಿದು ತುಳಿದು ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಅವರ ಮಾತಿನಲ್ಲಿ ದಪ್ಪ ನರ, ಬಾತಿತ್ತು.

ತಣ್ಣನೆಯ ಲೇಪ ಹಚ್ಚಿ ಸ್ಕ್ಯಾನ್ ಮಾಡಿದೆ. ಪರದೆಯ ಮೇಲೆ ರಜ್ಜು ಎಳೆ ಎಳೆಯಾಗಿ ಮೂಡಿತು. ನಡುವೆ ಒಂದು ಕಡೆ ಮಾತ್ರ ಮಸುಕು.

"ಮೂರು ವಾರ ಮಗ್ಗ ತುಳಿಬ್ಯಾಡ್ರಿ. ತುಳಿದ್ರ ಹರದ ಹೋಗತೈತಿ," ಎಂದೆ.

"ಆಗೂದಿಲ್ರಿ ಸಾಹೇಬ್ರ, ಸೀರಿ ಅರ್ಧಕ್ಕ ನಿಂತೈತಿ."

ನನಗೆ ಸಿಟ್ಟು ಬಂತು. ಅವರಿಗೂ ಬಂತು.

ಗೌರವ್ವ ಪರದೆಯನ್ನೇ ನೋಡುತ್ತಿದ್ದರು. "ಮಗ್ಗದ ಹಾಸಿನ ಎಳಿ ಇದ್ದಂಗ ಐತಲ್ರಿ! ನಾವು ನೂಲಿಗೆ ಹಚ್ಚೂವಂಗ ಡಾಕ್ಟರ್ರು ಗಂಜೀನೂ ಹಚ್ಯಾರ. ಗಂಜಿ ಒಣಗೂದ್ರಾಗ ಹಾಸು ಯಾರರ ಮಗ್ಗಕ್ಕ ಏರಸ್ತಾರೇನ್ರಿ?"

ನಲವತ್ತು ವರ್ಷದಲ್ಲಿ ಒಮ್ಮೆಯೂ ಆ ತಪ್ಪು ಮಾಡದ ಸಂಗಪ್ಪ ಬಗ್ಗಿ ತಮ್ಮ ಹಿಮ್ಮಡಿ ನೋಡಿಕೊಂಡರು. ನಾನು ಲೇಪ ಒರೆಸಲು ಹೋದರೆ ಕಾಲು ಎಳೆದುಕೊಂಡರು.

"ಒರಸಬ್ಯಾಡ್ರಿ! ಎಷ್ಟು ದಿನಕ್ಕ ಒಣಗತೈತ್ರಿ ಇದು?"

ಒಳಗಿನದು ಕಾಣಲೆಂದು ಹಚ್ಚುವ ಲೇಪ ಅದು, ಔಷಧವೂ ಅಲ್ಲ. ಹತ್ತು ನಿಮಿಷಕ್ಕೆ ಒಣಗುತ್ತದೆ.

"ಮೂರು ವಾರ," ಎಂದೆ.

ಲೇಪ ಅಳಿಯದಿರಲೆಂದು ಒಂದು ಚಪ್ಪಲಿ ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ನಾಲ್ಕು ಜನರೆದುರೇ ಹೆಂಡತಿಯ ಹೆಗಲ ಮೇಲಿಟ್ಟು ಅವರು ಹೊರಟರು. ಬಾಗಿಲಲ್ಲಿ ಗೌರವ್ವ ನನ್ನತ್ತ ತಿರುಗಿ ನೋಡಿ, ಸೆರಗಿನ ಮರೆಯಲ್ಲಿ ನಕ್ಕರು.

ಇವತ್ತು ಆ ಕೋಣೆಯಲ್ಲಿ ಸುಳ್ಳು ಹೇಳಿದ್ದು ನಾನೊಬ್ಬನೇ ಅಲ್ಲ.